ಐದನೇ ಕೂಗಿಗೆ ನಿಂತ ಡಂಪರ್

ನಾನು ಒಂದು ವಾಕಿಟಾಕಿ. ಮೈ ಕಪ್ಪು, ತಲೆಯ ಮೇಲೆ ಮೋಟು ಆಂಟೆನಾ, ಎಡಪಕ್ಕೆಯಲ್ಲಿ ಒಂದು ಗುಂಡಿ. ಗುಂಡಿ ಒತ್ತಿದರೆ ಮಾತಾಡುತ್ತೇನೆ, ಬಿಟ್ಟರೆ ಕೇಳಿಸಿಕೊಳ್ಳುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಲು ನನಗೆ ಬರುವುದಿಲ್ಲ. ತಮಗೆ ಬರುತ್ತದೆ ಎಂದು ಮನುಷ್ಯರು ತಿಳಿದುಕೊಂಡಿದ್ದಾರೆ.

ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನದೋ ಈಗ ಹೇಳಲಾರೆ. ಊರಿನ ಹೆಸರು ಬರೆದ ಚೀಟಿ ನನ್ನ ಬೆನ್ನ ಮೇಲಿತ್ತು. ಗಣಿಗೆ ಬಂದ ಮೊದಲ ತಿಂಗಳೇ ಬೆವರಿಗೆ ಕಿತ್ತುಹೋಯಿತು. ಅಲ್ಲಿ ಯಾರೋ ನನ್ನನ್ನು ಬಾಯಿಯ ಹತ್ತಿರ ಹಿಡಿದು ಒಂದರಿಂದ ಹತ್ತರವರೆಗೆ ಎಣಿಸಿದ್ದು ಮಾತ್ರ ನೆನಪಿದೆ. ನನಗಾದ ವಿದ್ಯಾಭ್ಯಾಸ ಅಷ್ಟೇ. ಮಿಕ್ಕಿದ್ದನ್ನೆಲ್ಲ ಕಲಿತದ್ದು ಸಂಡೂರಿನ ಕಡೆಯ ಒಂದು ಗುಡ್ಡದ ಮೇಲೆ, ಕಬ್ಬಿಣದ ಅದಿರು ತೆಗೆಯುವ ಗಣಿಯಲ್ಲಿ. ಅಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಸಭ್ಯರ ಮುಂದೆ ಹೇಳುವಂತಿಲ್ಲ.

ನಾವು ಹನ್ನೆರಡು ಮಂದಿ ಅಣ್ಣತಮ್ಮಂದಿರು ಒಂದೇ ಪೆಟ್ಟಿಗೆಯಲ್ಲಿ ಬಂದೆವು. ಸ್ಟೋರಿನಲ್ಲಿ ನಮ್ಮ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದರು. ನಾನು ಏಳು. ಒಬ್ಬೊಬ್ಬರನ್ನು ಒಬ್ಬೊಬ್ಬರಿಗೆ ಕೊಟ್ಟರು. ನನಗೆ ಸಿಕ್ಕವರು ಫೋರ್‌ಮನ್ ಕೊಟ್ರೇಶಪ್ಪ.

ಕೊಟ್ರೇಶಪ್ಪ ಆ ಗುಡ್ಡದಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಹೊಟ್ಟೆ ದೊಡ್ಡದು, ಮೀಸೆ ದೊಡ್ಡದು, ಗಂಟಲು ಇವೆರಡಕ್ಕಿಂತ ದೊಡ್ಡದು. ನಾನು ಬರುವ ಮೊದಲು ಅವರು ಬರಿಗಂಟಲಿನಲ್ಲೇ ಗಣಿ ನಡೆಸಿದ್ದರು. ನಾನು ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ದೂರ ಹೆಚ್ಚಿದಷ್ಟೂ ಜೋರಾಗಿ ಕೂಗಬೇಕು ಎಂಬುದು ಅವರ ನಂಬಿಕೆ. ಹಾಗಾಗಿ ಕೆಳಗಿನ ಡಂಪರ್ ಡ್ರೈವರಿಗೆ ಅವರ ಮಾತು ಎರಡು ಸಲ ಕೇಳಿಸುತ್ತಿತ್ತು: ಮೊದಲು ನನ್ನ ಮೂಲಕ, ಆಮೇಲೆ ಗಾಳಿಯಲ್ಲಿ.

ಆ ಗಣಿಯಲ್ಲಿ ಆಗ ಕೆಲಸ ನಡೆಯುತ್ತಿದ್ದದ್ದೇ ಬೈಗುಳದ ಮೇಲೆ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ. ಡ್ರೈವರನ ತಾಯಿಯನ್ನು ನೆನೆದರೆ ನಿಧಾನವಾಗಿ ಬಾ ಎಂದರ್ಥ. ತಂದೆಯನ್ನು ನೆನೆದರೆ ಎಡಕ್ಕೆ ತಿರುಗು. ಇಡೀ ವಂಶವನ್ನು ಎತ್ತಿದರೆ ಊಟದ ಹೊತ್ತಾಯಿತು, ಗಾಡಿ ನಿಲ್ಲಿಸಿ ಬಾ ಎಂದು. ಯಾರಿಗೂ ಬೇಸರವಿರಲಿಲ್ಲ. ಬೈಯದೆ ಕರೆದ ದಿನ ಮಾತ್ರ ಡ್ರೈವರುಗಳು ಏನೋ ಅನಾಹುತವಾಗಿದೆ ಎಂದು ಓಡಿಬರುತ್ತಿದ್ದರು.

ಹೀಗೆ ಎರಡು ವರ್ಷ ಕಳೆದ ಮೇಲೆ ಕೊಟ್ರೇಶಪ್ಪ ಒಂದು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಬಗ್ಗಿ ಮಿರ್ಚಿ ತೆಗೆದುಕೊಳ್ಳುವಾಗ ನಾನು ಅವರ ಜೇಬಿನಿಂದ ಜಾರಿ ಚಹಾದ ಪಾತ್ರೆಗೆ ಬಿದ್ದೆ. ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು ಒಣಗಿಸಿದರು. ಜೀವ ಉಳಿಯಿತು. ಆದರೆ ಆ ಕ್ಯಾಂಟೀನಿನವನು ಚಹಾಕ್ಕೆ ಸಕ್ಕರೆ ಹಾಕುವುದರಲ್ಲಿ ಕೈ ಬಿಗಿ ಮಾಡುವವನಲ್ಲ. ಅಂದಿನಿಂದ ನನ್ನ ಗುಂಡಿ ಅಂಟಿಕೊಳ್ಳತೊಡಗಿತು. ಒತ್ತಿದರೆ ಒಮ್ಮೊಮ್ಮೆ ಮೇಲೆ ಬರುವುದೇ ಇಲ್ಲ, ಗುದ್ದಿದರೆ ಬರುತ್ತದೆ.

ಕೊಟ್ರೇಶಪ್ಪ ಹೊಸ ಸೆಟ್ ತೆಗೆದುಕೊಂಡು ನನ್ನನ್ನು ಡಂಪರ್ ಡ್ರೈವರ್ ಹೊನ್ನೂರಸಾಬನಿಗೆ ಕೊಟ್ಟರು. ಹೊನ್ನೂರಸಾಬ ನಗುಮುಖದ ಮನುಷ್ಯ. ಗಾಡಿಯ ಕ್ಯಾಬಿನ್ನಿನಲ್ಲಿ ನನ್ನನ್ನು ಒಂದು ಮೊಳೆಗೆ ನೇತುಹಾಕಿ, ನನ್ನೊಡನೆಯೂ ಮಾತಾಡುತ್ತಿದ್ದ. ಅವನಲ್ಲಿ ಒಂದು ಕಲೆಯಿತ್ತು. ಫೋರ್‌ಮನ್ನರ ದನಿಯನ್ನು ಅವರಿಗಿಂತ ಚೆನ್ನಾಗಿ ಆಡಿ ತೋರಿಸುತ್ತಿದ್ದ. ಒಂದು ಮಧ್ಯಾಹ್ನ ಅವನು ಮೊಬೈಲಿನಲ್ಲಿ ಹೆಂಡತಿಯ ಜೊತೆ ಮಾತಾಡುತ್ತ, ಕೊಟ್ರೇಶಪ್ಪ ಬೆಳಿಗ್ಗೆ ಹೇಗೆ ಕೆಮ್ಮಿದರು, ಹೇಗೆ ಹೊಟ್ಟೆ ಸವರಿಕೊಂಡರು ಎಂದು ಅಭಿನಯಿಸಿ ತೋರಿಸಿದ. ನನ್ನ ಗುಂಡಿ ಆಗಲೇ ಅಂಟಿಕೊಂಡಿತ್ತು. ಅವನಿಗದು ಗೊತ್ತಿರಲಿಲ್ಲ. ಇಪ್ಪತ್ತೆರಡು ನಿಮಿಷ ಇಡೀ ಗಣಿ ಕೆಲಸ ಬಿಟ್ಟು ಕೇಳಿತು. ಕೊಟ್ರೇಶಪ್ಪನೂ ಕೇಳಿದರು. ಮರುದಿನ ನಾನು ಸ್ಟೋರಿನ ಬೀರುವಿನಲ್ಲಿದ್ದೆ.

ಬೀರುವಿನಲ್ಲಿ ಎಂಟು ತಿಂಗಳು ಮಲಗಿದ್ದೆ. ಅಷ್ಟರಲ್ಲಿ ಹೊರಗೆ ಒಂದು ಸುದ್ದಿ ಹಬ್ಬಿತು. ಗಣಿಯ ಕೆಲಸಕ್ಕೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳಬೇಕೆಂದು ಮೇಲಿನವರು ನಿರ್ಧರಿಸಿದ್ದರು. ಸ್ಟೋರ್‌ಕೀಪರನ ಮೇಜಿನ ಸುತ್ತ ನಿಂತು ಗಂಡಸರು ಇದನ್ನು ಚರ್ಚಿಸುವುದು ನನಗೆ ಕೇಳಿಸುತ್ತಿತ್ತು. ಹೆಂಗಸರು ಗುಡ್ಡ ಹತ್ತಿದರೆ ಅದಿರು ಸಿಗುವುದಿಲ್ಲ ಎಂದು ಒಬ್ಬ ಹೇಳಿದ. ಅದನ್ನು ಕೇಳಿ ಮುದುಕ ಸ್ಟೋರ್‌ಕೀಪರ್ ಕನ್ನಡಕ ತೆಗೆದು, ನೀನು ಹುಟ್ಟುವ ಮುಂಚೆ ಈ ಗುಡ್ಡದಲ್ಲಿ ಕಲ್ಲು ಒಡೆಯುವವರಲ್ಲಿ ಅರ್ಧಕ್ಕರ್ಧ ಹೆಂಗಸರೇ ಇದ್ದರು, ಮಷಿನ್ನು ಬಂದ ಮೇಲೆ ಅವರನ್ನು ಮನೆಗೆ ಕಳಿಸಿದರು ಎಂದ. ಆಗ ಅದಿರು ಸಿಗುತ್ತಿರಲಿಲ್ಲವೇ ಎಂದೂ ಕೇಳಿದ. ಕೈಗವಸು ಕೇಳಲು ಬಂದಿದ್ದವರು ಕೈಗವಸು ತೆಗೆದುಕೊಂಡು ಹೋದರು.

ಆರು ಮಂದಿಯನ್ನು ಆರಿಸಿದರು. ಅವರಲ್ಲಿ ಐವರು ಆಫೀಸು, ಲ್ಯಾಬು, ಗಾಡಿ ತೂಗುವ ಕಾಟಾ ಎಂದು ನೆರಳಿರುವ ಕಡೆ ಸೇರಿದರು. ಒಬ್ಬಳು ಮಾತ್ರ ಗುಡ್ಡದ ಮೇಲೇ ಬೇಕು ಎಂದಳು. ಅವಳ ಹೆಸರು ಹುಲಿಗೆಮ್ಮ. ಮೂವತ್ತನಾಲ್ಕು ವರ್ಷ, ಗುಡ್ಡದ ಕೆಳಗಿನ ಹಳ್ಳಿಯವಳು, ಗಂಡ ತೀರಿಕೊಂಡು ಐದು ವರ್ಷ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮುದುಕಿ ತಾಯಿ ಸುಂಕಮ್ಮ. ಟ್ರ್ಯಾಕ್ಟರ್ ಓಡಿಸಲು ಬರುತ್ತಿತ್ತು. ಮುಂದೆ ಡಂಪರ್ ಓಡಿಸಬೇಕು ಎಂಬ ಆಸೆಯನ್ನು ಅವಳು ಸಂದರ್ಶನದಲ್ಲೇ ಹೇಳಿಬಿಟ್ಟಿದ್ದಳಂತೆ. ಕೇಳಿದವರು ನಕ್ಕು ಬರೆದುಕೊಂಡರಂತೆ. ಮೊದಲ ಆರು ತಿಂಗಳು ಪರೀಕ್ಷೆಯ ಕೆಲಸ. ಚೆನ್ನಾಗಿ ಮಾಡಿದರೆ ಕಾಯಂ, ಇಲ್ಲವಾದರೆ ಮನೆ.

ಅವಳಿಗೆ ಏನೇನು ಕೊಡಬೇಕೋ ಎಲ್ಲವನ್ನೂ ಕೊಟ್ಟರು. ಬೂಟು ಒಂಬತ್ತನೇ ನಂಬರಿನದು. ಅವಳ ಕಾಲು ಐದು. ಪ್ಯಾಂಟು ಯಾವನೋ ಆರಡಿ ಮನುಷ್ಯನನ್ನು ನೆನೆದು ಹೊಲಿದದ್ದು. ಹೆಲ್ಮೆಟ್ಟು ಮೂಗಿನವರೆಗೆ ಇಳಿಯುತ್ತಿತ್ತು. ಅವಳು ಬೂಟಿಗೆ ಹಳೆಯ ಸೀರೆಯ ಚೂರು ತುರುಕಿದಳು, ಪ್ಯಾಂಟನ್ನು ತಾನೇ ಬಿಚ್ಚಿ ಹೊಲಿದುಕೊಂಡಳು, ಹೆಲ್ಮೆಟ್ಟಿನೊಳಗೆ ತುರುಬು ಎತ್ತರಿಸಿ ಕಟ್ಟಿದಳು. ಕೊನೆಯಲ್ಲಿ ವಾಕಿಟಾಕಿ ಕೊಡಬೇಕಾಯಿತು. ಬೀರುವಿನಲ್ಲಿ ನಾನೊಬ್ಬನೇ ಇದ್ದೆ.

ಸ್ಟೋರ್‌ಕೀಪರ್ ಸ್ವಲ್ಪ ನಾಚಿಕೆಯಿಂದಲೇ ನನ್ನನ್ನು ಕೊಟ್ಟ. ಗುಂಡಿ ಅಂಟಿಕೊಂಡರೆ ಗುದ್ದಬೇಕು ಎಂದು ಹೇಳಿಕೊಟ್ಟ. ಹುಲಿಗೆಮ್ಮ ನನ್ನನ್ನು ತಿರುಗಿಸಿ ನೋಡಿ, ಮೂಸಿ, ಇದು ಯಾಕೆ ಚಹಾದ ವಾಸನೆ ಬರುತ್ತದೆ ಎಂದು ಕೇಳಿದಳು. ಅವಳ ಮೂಗು ಚುರುಕು ಎಂದು ನನಗಾಗಲೇ ತಿಳಿಯಿತು.

ಕೊಟ್ರೇಶಪ್ಪ ಅವಳನ್ನು ಡಂಪ್ ಯಾರ್ಡಿಗೆ ಹಾಕಿದರು. ಅದಿರಿಲ್ಲದ ಬರೀ ಮಣ್ಣನ್ನು ಡಂಪರುಗಳು ಗುಡ್ಡದ ಅಂಚಿಗೆ ತಂದು ಕೆಳಗೆ ಸುರಿಯುವ ಜಾಗ ಅದು. ಗಾಡಿ ಹಿಮ್ಮುಖವಾಗಿ ಅಂಚಿಗೆ ಬರಬೇಕು. ಮನೆಯಷ್ಟು ದೊಡ್ಡ ಗಾಡಿ. ಡ್ರೈವರಿಗೆ ಹಿಂದಿನದು ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರು ಬಾ, ಬಾ, ಸಾಕು ಎಂದು ಹೇಳಬೇಕು. ಅವರನ್ನು ಸ್ಪಾಟರ್ ಎನ್ನುತ್ತಾರೆ. ಬಿಸಿಲು, ಕೆಂಪು ದೂಳು, ಗಾಳಿ. ಒಂದು ವಾರದಲ್ಲಿ ಅವಳು ತಾನಾಗಿ ಲ್ಯಾಬಿಗೆ ಹೋಗುತ್ತಾಳೆ ಎಂದು ಕೊಟ್ರೇಶಪ್ಪ ಎಲ್ಲರಿಗೂ ಹೇಳಿದ್ದರು.

ಅದೇ ವಾರ ಮ್ಯಾನೇಜರ್ ಪ್ರಾಣೇಶರಾಯರು ಒಂದು ಸುತ್ತೋಲೆ ಹೊರಡಿಸಿದರು. ಪ್ರಾಣೇಶರಾಯರು ಮೃದು ಮನುಷ್ಯ, ಮೇಲಿನವರಿಗೆ ಹೆದರುವವರು, ಕೆಳಗಿನವರಿಗೂ ಸ್ವಲ್ಪ ಹೆದರುವವರು. ಇನ್ನು ಮುಂದೆ ವಾಕಿಟಾಕಿಯಲ್ಲಿ ಮಹಿಳೆಯರೂ ಇರುವುದರಿಂದ ಯಾರೂ ಅಸಭ್ಯ ಮಾತು ಆಡಬಾರದು, ಆಡಿದವರ ಮೇಲೆ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿತ್ತು.

ಗಣಿ ಮೂಕವಾಯಿತು. ಕೊಟ್ರೇಶಪ್ಪ ಗುಂಡಿ ಒತ್ತುತ್ತಿದ್ದರು, ಬಾಯಿ ತೆರೆಯುತ್ತಿದ್ದರು, ಏನೂ ಬರುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಒಬ್ಬ ಡ್ರೈವರ್ ‘ಸನ್ಮಾನ್ಯ ಫೋರ್‌ಮನ್ನರೇ’ ಎಂದು ಶುರುಮಾಡಿ, ಮುಂದಿನ ಮಾತು ಹುಡುಕುವಷ್ಟರಲ್ಲಿ ಗಾಡಿಯನ್ನು ಚರಂಡಿಗೆ ಇಳಿಸಿದ. ಮೊದಲ ನಾಲ್ಕು ದಿನ ಗಣಿಯಿಂದ ಹೊರಬಿದ್ದ ಅದಿರು ಎಂದಿನ ಅರ್ಧಕ್ಕೆ ಬಂತು. ಆಮೇಲೆ ಕೊಟ್ರೇಶಪ್ಪ ಒಂದು ದಾರಿ ಕಂಡುಕೊಂಡರು. ಹಳೆಯ ಬೈಗುಳಗಳ ಜಾಗದಲ್ಲಿ ತರಕಾರಿಗಳ ಹೆಸರಿಟ್ಟರು. ‘ಲೇ ಹೀರೇಕಾಯಿ’ ಎಂದರೆ ನಿಧಾನ. ‘ಕುಂಬಳಕಾಯಿ’ ಎಂದರೆ ಎಡಕ್ಕೆ. ಗಣಿ ಮತ್ತೆ ಓಡತೊಡಗಿತು. ಆದರೆ ಆ ಹೆಸರುಗಳಿಗೆ ಎಷ್ಟು ಬೇಗ ಹಳೆಯ ಅರ್ಥ ಹತ್ತಿತೆಂದರೆ, ಕ್ಯಾಂಟೀನಿನವನು ಒಂದು ದಿನ ಇವತ್ತು ಹೀರೇಕಾಯಿ ಪಲ್ಯ ಎಂದದ್ದಕ್ಕೆ ಒಬ್ಬ ಹೆಲ್ಪರ್ ತಟ್ಟೆ ಎಸೆದು ಎದ್ದುಹೋದ.

ಹುಲಿಗೆಮ್ಮ ಇದನ್ನೆಲ್ಲ ಕೇಳಿಸಿಕೊಂಡು ತುಟಿ ಬಿಗಿಹಿಡಿದು ನಿಂತಿರುತ್ತಿದ್ದಳು. ನಗು ಅವಳ ಹೊಟ್ಟೆಯಲ್ಲಿ ಕುಣಿಯುವುದು ಸೊಂಟದ ಪಟ್ಟಿಯಲ್ಲಿದ್ದ ನನಗೆ ಮಾತ್ರ ಗೊತ್ತಾಗುತ್ತಿತ್ತು. ತಾನು ಮಾತ್ರ ಎಲ್ಲರಿಗೂ ಬಹುವಚನವೇ. ‘ಬರ್ರಿ, ಬರ್ರಿ, ಇನ್ನ ಸ್ವಲ್ಪ ಬರ್ರಿ, ನಿಂದ್ರಸ್ರಿ’ ಎನ್ನುತ್ತಿದ್ದಳು. ಪರೀಕ್ಷೆಯ ಆರು ತಿಂಗಳು ಬಾಯಿಂದ ಒಂದು ತಪ್ಪು ಮಾತೂ ಬೀಳಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದಳು. ಪ್ರತಿ ಮಾತಿನ ಕೊನೆಗೆ ‘ಓವರ್’ ಹೇಳುವುದನ್ನು ಎಷ್ಟು ನಿಷ್ಠೆಯಿಂದ ಕಲಿತಳೆಂದರೆ, ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ಓವರ್ ಅಂತೀಯ ಎಂದು ಮಕ್ಕಳು ನಗುತ್ತಾರೆ ಎಂದು ಸ್ಟೋರ್‌ಕೀಪರನ ಹತ್ತಿರ ಹೇಳಿಕೊಂಡಿದ್ದಳು.

ಒಂದು ವಾರ ಹೋಗಿ ಮೂರು ತಿಂಗಳಾಯಿತು. ಕೊಟ್ರೇಶಪ್ಪ ಆ ವಾರದ ಮಾತನ್ನು ಮತ್ತೆ ಎತ್ತಲಿಲ್ಲ.

ಅವಳಿಗೆ ಒಂದೇ ಒಂದು ತೊಂದರೆ ಉಳಿದಿತ್ತು. ಹೆಂಗಸರಿಗೆಂದು ಆಫೀಸಿನ ಹಿಂದೆ ಒಂದು ಶೌಚಾಲಯ ಕಟ್ಟಿಸಿ, ಹೊರಗೆ ದೊಡ್ಡದಾಗಿ ಬೋರ್ಡು ಹಾಕಿ, ಬೀಗ ಜಡಿದಿದ್ದರು. ಬೀಗದ ಕೈ ಪ್ಯೂನನ ಹತ್ತಿರ. ಪ್ಯೂನ್ ಎಲ್ಲಿರುತ್ತಾನೆಂದು ದೇವರಿಗೇ ಗೊತ್ತು. ಹುಲಿಗೆಮ್ಮ ಡಂಪ್ ಯಾರ್ಡಿನಿಂದ ನನ್ನ ಮೂಲಕ ಕೇಳಬೇಕು. ಕೇಳಿದರೆ ಇಡೀ ಗಣಿಗೆ ಗೊತ್ತಾಗುತ್ತದೆ. ನಾಚಿಕೊಂಡು ಬಹಳ ದಿನ ಅವಳು ನೀರನ್ನೇ ಕುಡಿಯುತ್ತಿರಲಿಲ್ಲ. ಬೇಸಿಗೆ ಬಂತು. ಒಂದು ದಿನ ಬಿಸಿಲಿಗೆ ತಲೆ ತಿರುಗಿ ಬೀಳುವ ಹಾಗಾಗಿ ಬಂಡೆ ಹಿಡಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕೈಗೆತ್ತಿಕೊಂಡು, ಗುಂಡಿ ಒತ್ತಿ, ಸಂಡಾಸಿನ ಬೀಗದ ಕೈ ಹತ್ತು ನಿಮಿಷದಲ್ಲಿ ಬರದಿದ್ದರೆ ಮ್ಯಾನೇಜರ್ ಸಾಹೇಬರ ರೂಮಿನದನ್ನೇ ಬಳಸುತ್ತೇನೆ, ಓವರ್, ಎಂದು ಬಹಳ ಮರ್ಯಾದೆಯಿಂದ ತಿಳಿಸಿದಳು.

ಬೀಗದ ಕೈ ಆರು ನಿಮಿಷದಲ್ಲಿ ಬಂತು. ತಂದವರು ಪ್ರಾಣೇಶರಾಯರ ಡ್ರೈವರ್. ಅವತ್ತಿನಿಂದ ಅದು ಅವಳ ಸೊಂಟದಲ್ಲೇ, ನನ್ನ ಪಕ್ಕದಲ್ಲೇ ಉಳಿಯಿತು.

ಇನ್ನು ಆ ದಿನದ ಕಥೆ. ಅದಕ್ಕೆ ಮೂರು ದಿನ ಮೊದಲು ಅಕಾಲದ ಮಳೆ ಬಂದು ಹೋಗಿತ್ತು. ಮುಖ್ಯ ಕಚೇರಿಯಿಂದ ನಾಲ್ವರು ದೊಡ್ಡವರು ಬಂದಿದ್ದರು. ಗಣಿಯಲ್ಲಿ ಮಹಿಳೆಯರು ಹೇಗೆ ಕೆಲಸ ಮಾಡುತ್ತಿದ್ದಾರೆಂದು ನೋಡಿ, ಫೋಟೋ ತೆಗೆದುಕೊಂಡು ಹೋಗುವುದು ಅವರ ಉದ್ದೇಶ. ಪ್ರಾಣೇಶರಾಯರು ಅವರನ್ನು ಆಫೀಸಿನಲ್ಲಿ ಕೂರಿಸಿ ಗೋಡಂಬಿ ಕೊಟ್ಟರು. ನಮ್ಮ ಹುಲಿಗೆಮ್ಮ ಎಷ್ಟು ಸೌಮ್ಯವಾಗಿ ಗಾಡಿಗಳನ್ನು ನಡೆಸುತ್ತಾಳೆ ಎಂದು ನೀವೇ ಕೇಳಿ ಎಂದು ಆಫೀಸಿನ ದೊಡ್ಡ ಸೆಟ್ಟಿನ ದನಿ ಏರಿಸಿದರು. ಇದನ್ನೆಲ್ಲ ಆ ಸೆಟ್ಟೇ ನನಗೆ ಆಮೇಲೆ ಹೇಳಿತು.

ಡಂಪ್ ಯಾರ್ಡಿನಲ್ಲಿ ಹೊನ್ನೂರಸಾಬ ತುಂಬಿದ ಗಾಡಿಯನ್ನು ಹಿಂದಕ್ಕೆ ತರುತ್ತಿದ್ದ. ಹುಲಿಗೆಮ್ಮ ಬರ್ರಿ, ಬರ್ರಿ ಎನ್ನುತ್ತಿದ್ದಳು. ಇದ್ದಕ್ಕಿದ್ದಂತೆ ಸುಮ್ಮನಾದಳು. ಅವಳ ಬೂಟಿನ ಮುಂದೆ, ಅಂಚಿನಿಂದ ಎರಡು ಮಾರು ಒಳಗೆ, ನೆಲದಲ್ಲಿ ಕೂದಲೆಳೆಯಂಥ ಒಂದು ಗೆರೆ ಮೂಡಿತ್ತು. ನೋಡುತ್ತಿದ್ದಂತೆಯೇ ಅದು ಬೆರಳಗಲವಾಯಿತು.

“ಸಾಬಣ್ಣ, ನಿಂದ್ರಸ್ರಿ” ಎಂದಳು.

ಗಾಡಿ ಬರುತ್ತಲೇ ಇತ್ತು. ಮತ್ತೆ ಹೇಳಿದಳು. ಮೂರನೇ ಸಲ ಕೈ ಎತ್ತಿ ಬೀಸುತ್ತ ಹೇಳಿದಳು. ನಾಲ್ಕನೇ ಸಲ ದಯವಿಟ್ಟು ಎಂದೂ ಸೇರಿಸಿದಳು. ಗಾಡಿಯ ಹಿಂದಿನ ಚಕ್ರಕ್ಕೂ ಆ ಗೆರೆಗೂ ಈಗ ಒಂದು ಮಂಚದಷ್ಟು ದೂರವಿತ್ತು.

ಆಗ ಹುಲಿಗೆಮ್ಮನ ಎದೆ ಉಬ್ಬಿದ್ದು ನನಗೆ ತಿಳಿಯಿತು. ನನ್ನ ಗುಂಡಿಯನ್ನು ಅವಳು ಎಷ್ಟು ಗಟ್ಟಿಯಾಗಿ ಒತ್ತಿದಳೆಂದರೆ ಅದು ಒಳಗೇ ಅಂಟಿಕೊಂಡಿತು. ಅದರ ಮೇಲೆ ಹೊರಬಿದ್ದ ಮಾತಿನ ಪೂರ್ಣ ಪಾಠವನ್ನು ನಾನು ಇಲ್ಲಿ ಕೊಡಲಾರೆ. ಅದು ಹೊನ್ನೂರಸಾಬನ ಕಣ್ಣಿನಿಂದ ಶುರುವಾಯಿತು. ಅಲ್ಲಿಂದ ಅವನ ತಂದೆಗೆ, ತಾತನಿಗೆ, ತಾತನ ಮದುವೆಗೆ ಹೋಯಿತು. ಆ ಮದುವೆಗೆ ಬಂದಿದ್ದ ಒಂದು ಎಮ್ಮೆಯ ವಿಷಯವನ್ನು ವಿವರವಾಗಿ ಹೇಳಿತು. ಉಸಿರು ಎಲ್ಲೂ ಕಡಿಯಲಿಲ್ಲ. ಕೊಟ್ರೇಶಪ್ಪನ ಹತ್ತಿರ ಎರಡು ವರ್ಷ ಇದ್ದ ನಾನೇ ಅಂಥದ್ದನ್ನು ಕೇಳಿರಲಿಲ್ಲ. ಅದರ ಕೊನೆಯ ಮಾತೊಂದನ್ನು ಮಾತ್ರ ಹೇಳಬಹುದು.

“ನಿಂದ್ರಸಲೇ!”

ಗಾಡಿ ನಿಂತಿತು. ನಿಂತ ಜಾಗದಿಂದ ಗೆರೆಗೆ ಒಂದು ಗೇಣು. ಹೊನ್ನೂರಸಾಬ ಬಾಗಿಲು ತೆರೆದು, ಕೆಳಗೆ ನೋಡಿ, ಗೆರೆ ನೋಡಿ, ಮುಂದಕ್ಕೆ ಗೇರು ಹಾಕಿ ಗಾಡಿಯನ್ನು ದೂರ ಒಯ್ದ. ಆಮೇಲೆ ಇಳಿದು ಬಂದು ನೆಲದ ಮೇಲೆ ಕೂತ. ಹುಲಿಗೆಮ್ಮನೂ ಕೂತಳು. ಕೂತಲ್ಲಿಂದಲೇ ಅವಳು ನನ್ನನ್ನು ಗುದ್ದಿದಳು. ಗುಂಡಿ ಮೇಲೆ ಬಂತು.

ಎಲ್ಲಿಂದಲೋ ಒಬ್ಬ ಡ್ರೈವರ್, “ಯಾರದು?” ಎಂದು ಭಕ್ತಿಯಿಂದ ಕೇಳಿದ. ಆಫೀಸಿನಲ್ಲಿ ದೊಡ್ಡವರೊಬ್ಬರ ಗಂಟಲಿಗೆ ಗೋಡಂಬಿ ಸಿಕ್ಕಿಕೊಂಡಿತ್ತು.

ಮರುದಿನವೇ ವಿಚಾರಣೆ. ಸುತ್ತೋಲೆ ಇರುವಾಗ, ಅದೂ ಅತಿಥಿಗಳ ಮುಂದೆ, ಅಂಥ ಮಾತು. ಮೇಲಿನವರಿಗೆ ವರದಿ ಹೋಗಲೇಬೇಕು. ಪರೀಕ್ಷೆಯ ಅವಧಿಯಲ್ಲಿರುವವಳನ್ನು ತೆಗೆದುಹಾಕಲು ಹೆಚ್ಚು ಕಾಗದವೂ ಬೇಕಿಲ್ಲ. ಮೇಜಿನ ಒಂದು ಕಡೆ ಪ್ರಾಣೇಶರಾಯರು, ಕೊಟ್ರೇಶಪ್ಪ, ಮುಖ್ಯ ಕಚೇರಿಯ ಒಬ್ಬ ಅಧಿಕಾರಿ. ಇನ್ನೊಂದು ಕಡೆ ಹುಲಿಗೆಮ್ಮ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ. ನಡುವೆ, ಸಾಕ್ಷ್ಯವೆಂದು, ಬ್ಯಾಟರಿ ಕಳಚಿಟ್ಟ ನಾನು.

ಮೊದಲ ಕಷ್ಟ ಬಂದದ್ದು ಗುಮಾಸ್ತನಿಗೆ. ‘ಸದರಿ ಮಹಿಳೆಯು ಐದನೇ ಬಾರಿ’ ಎಂದು ಬರೆದು, ಪೆನ್ನು ನಿಲ್ಲಿಸಿ, ಮುಂದೇನು ಬರೆಯಲಿ ಎಂದು ಕೇಳಿದ. ಅಧಿಕಾರಿ ಪ್ರಾಣೇಶರಾಯರತ್ತ ನೋಡಿದರು. ಪ್ರಾಣೇಶರಾಯರು ತಮಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಕೊಟ್ರೇಶಪ್ಪನತ್ತ ನೋಡಿದರು. ಕೊಟ್ರೇಶಪ್ಪ ಮೀಸೆ ಮುಟ್ಟಿಕೊಂಡು, ಇಂಥ ಮಾತುಗಳ ಪರಿಚಯ ತಮಗಿಲ್ಲ ಎಂದರು. ನನ್ನೊಳಗೆ ಬ್ಯಾಟರಿ ಇದ್ದಿದ್ದರೆ ಅಲ್ಲೇ ಕಿರುಚುತ್ತಿದ್ದೆ. ಕೊನೆಗೆ ಅಧಿಕಾರಿ ಆ ಜಾಗವನ್ನು ಖಾಲಿ ಬಿಡಿ ಎಂದರು. ಗುಮಾಸ್ತ ಎಷ್ಟು ಜಾಗ ಬಿಡಲಿ ಎಂದು ಕೇಳಿದ. ಸ್ವಲ್ಪ ಯೋಚಿಸಿ, ಅರ್ಧ ಪುಟ ಎಂದರು.

ಆಮೇಲೆ ಹೊನ್ನೂರಸಾಬನನ್ನು ಕರೆದರು. ಈ ಹೆಂಗಸು ನಿನ್ನನ್ನು ಬೈದಳೇ ಎಂದು ಅಧಿಕಾರಿ ಕೇಳಿದರು. ಹೌದು ಎಂದ. ನಿನಗೆ ಅವಮಾನವಾಯಿತೇ ಎಂದರು. ಹೊನ್ನೂರಸಾಬ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

“ಸಾಹೇಬ್ರ, ನಾಕು ಸಲ ಆಕಿ ನಿಂದ್ರಸ್ರಿ ಅಂತ ಹೇಳ್ಯಾಳ. ನಾಕೂ ಸಲ ನನಗ ಕೇಳಿಸೈತಿ. ಹೆಂಗಸು, ಅಂಜಿ ಹೇಳ್ತಾಳ ಅನ್ಕೊಂಡೆ. ಐದನೇದಕ್ಕ ನನ್ನ ಕಾಲು ತಾನಾಗಿ ಬ್ರೇಕಿನ ಮ್ಯಾಲ ಹೋತು. ಅವಮಾನ ಆಗಬೇಕಾದ್ರ ಮೊದಲಿನ ನಾಕಕ್ಕ ಆಗಬೇಕ್ರಿ ನನಗ, ಐದನೇದಕ್ಕಲ್ಲ.”

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ಅಧಿಕಾರಿ ಹುಲಿಗೆಮ್ಮನತ್ತ ತಿರುಗಿ, ಇಂಥ ಮಾತನ್ನು ಎಲ್ಲಿ ಕಲಿತೆ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು ಎಂದು ನನಗೆ ಅನಿಸಿತು.

ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಹುಲಿಗೆಮ್ಮ ತಲೆಯೆತ್ತಿದಳು.

“ಇದೇ ಗುಡ್ಡದಾಗ್ರಿ. ನಮ್ಮವ್ವ ಇಲ್ಲೇ ಕಲ್ಲು ಒಡೀತಿದ್ಲು, ನಾನು ಕಲ್ಲು ತುಂಬೋ ಪುಟ್ಟಿ ಹಿಡ್ಕೊಂಡು ಹಿಂದ ಬರ್ತಿದ್ದೆ. ಮ್ಯಾಲಿಂದ ಬಂಡಿಗಲ್ಲು ಉರುಳಿದ್ರ ಕೆಳಗಿನ ಹೆಣಮಕ್ಕಳು ಸರೀಬೇಕಲ್ರಿ. ಆಗ ಸೈರನ್ ಎಲ್ಲಿತ್ತು? ಹೆಸರು ಹಿಡಿದು ಕರೆದ್ರ ಒಬ್ಬಾಕಿ ತಿರುಗಿ ನೋಡ್ತಿದ್ಲು. ಹಿಂಗ ಬೈದ್ರ ಎಲ್ಲಾರೂ ಒಮ್ಮೆಗೇ ಜಿಗೀತಿದ್ರು. ನಮ್ಮವ್ವನ ಸೈರನ್ ಅದು.”

ಅವಳು ಇನ್ನೊಂದು ಮಾತನ್ನೂ ಹೇಳಿದಳು. ಮೂರು ತಿಂಗಳು ಆ ಬೈಗುಳವನ್ನು ನುಂಗಿಕೊಂಡೇ ಇದ್ದೆ, ಅವತ್ತೂ ನಾಲ್ಕು ಸಲ ನುಂಗಿದೆ, ಕೆಲಸ ಹೋದರೆ ಹೋಗಲಿ, ಸಾಬಣ್ಣ ಮನೆಗೆ ಹೋಗಿ ಉಂಡನಲ್ಲ, ಅಷ್ಟು ಸಾಕು ಎಂದಳು. ಸೊಂಟದ ಬೀಗದ ಕೈಯನ್ನು ಬಿಚ್ಚಿ ನನ್ನ ಪಕ್ಕ ಮೇಜಿನ ಮೇಲಿಟ್ಟಳು.

ಪ್ರಾಣೇಶರಾಯರು ಎದ್ದರು. ಅಧಿಕಾರಿಗೂ ಕೊಟ್ರೇಶಪ್ಪನಿಗೂ ತಮ್ಮ ಜೊತೆ ಬರಲು ಹೇಳಿ, ಯಾಕೋ ನನ್ನನ್ನೂ ಕೈಯಲ್ಲಿ ಹಿಡಿದುಕೊಂಡು ಡಂಪ್ ಯಾರ್ಡಿಗೆ ಹೋದರು. ಅಲ್ಲಿ ಗೆರೆಯಿರಲಿಲ್ಲ. ಗೆರೆಯಿಂದಾಚೆಯ ನೆಲವೂ ಇರಲಿಲ್ಲ. ಸಂಜೆಯಿಂದ ಬೆಳಗಿನ ನಡುವೆ ಯಾವಾಗಲೋ ಆ ಅಂಚು ಪೂರ್ತಿ ಕುಸಿದು ಕೆಳಗಿನ ಕಣಿವೆಗೆ ಹೋಗಿತ್ತು. ಕೆಳಗೆ ಕೆಂಪು ಮಣ್ಣಿನ ದೊಡ್ಡ ರಾಶಿ. ಪ್ರಾಣೇಶರಾಯರು ಕೈಗೆ ಸಿಕ್ಕ ಕಲ್ಲೊಂದನ್ನು ಎಸೆದರು. ಅದು ಕೆಳಗೆ ಮುಟ್ಟಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು.

ಕೊಟ್ರೇಶಪ್ಪ ಹೆಲ್ಮೆಟ್ಟು ತೆಗೆದರು. ಆ ಗೆರೆ ತಮ್ಮ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ ಎಂದು ತಮಗೇ ಹೇಳಿಕೊಳ್ಳುವಂತೆ ಹೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದು ಮಧ್ಯಾಹ್ನ ಹೊಸ ಸುತ್ತೋಲೆ ಬಂತು. ಸ್ಪಾಟರ್ ನಿಲ್ಲಿಸು ಎಂದರೆ ಮೊದಲ ಮಾತಿಗೇ ಗಾಡಿ ನಿಲ್ಲಬೇಕು. ಹೇಳಿದವರು ಯಾರೇ ಆಗಿರಲಿ. ನಿಲ್ಲಿಸದವನು ಗಾಡಿಯಿಂದ ಇಳಿಯಬೇಕು. ಮೊದಲು ಇಳಿಯುವವನು ತಾನೇ ಎಂದು ಹೊನ್ನೂರಸಾಬ ಒಂದು ವಾರ ವರ್ಕ್‌ಶಾಪಿನಲ್ಲಿ ಟಯರು ತೊಳೆದ. ಹುಲಿಗೆಮ್ಮನ ಕೆಲಸ ಉಳಿಯಿತು. ಆರು ತಿಂಗಳು ತುಂಬಿದ ದಿನ ಕಾಯಂ ಆಯಿತು. ವಿಚಾರಣೆಯ ವರದಿ ಅರ್ಧ ಪುಟ ಖಾಲಿಯಾಗಿಯೇ ಫೈಲು ಸೇರಿತು. ಬೀಗದ ಕೈಯನ್ನು ಪ್ರಾಣೇಶರಾಯರು ತಾವೇ ತಂದು ಹುಲಿಗೆಮ್ಮನಿಗೆ ಹಿಂದಿರುಗಿಸಿದರು. ಒಂದು ತಿಂಗಳ ಮೇಲೆ ಆ ಬಾಗಿಲಿಗೆ ಒಳಚಿಲಕ ಹಾಕಿಸಿ ಹೊರಬೀಗವನ್ನೇ ತೆಗೆಸಿದರು.

ತಾಯಿ ಸುಂಕಮ್ಮನಿಗೆ ಮಗಳು ನಡೆದದ್ದನ್ನು ಹೇಳಿದಳಂತೆ. ಯಾವ ಮಾತು ಬೈದೆ, ಪೂರ್ತಿ ಹೇಳು ಎಂದಳಂತೆ ಮುದುಕಿ. ಹೇಳಿದ ಮೇಲೆ ಕೆನ್ನೆಗೆ ಕೈಯಿಟ್ಟು, ಎಮ್ಮೆ ಆದ ಮೇಲೆ ಒಂದು ಸಾಲು ಬಿಟ್ಟೀಯಲ್ಲೇ ಎಂದು ಬೇಸರ ಮಾಡಿಕೊಂಡಳಂತೆ.

ಇನ್ನೊಂದು ದಿನ ಹೊನ್ನೂರಸಾಬನ ಹೆಂಡತಿ ಮೌಲಾಬಿ ಗಣಿಯ ಗೇಟಿಗೆ ಬಂದಳು. ಕೈಯಲ್ಲಿ ಬಿರಿಯಾನಿಯ ಡಬ್ಬಿ. ನನ್ನ ಯಜಮಾನನನ್ನು ಉಳಿಸಿಕೊಟ್ಟ ಅಕ್ಕ ಇವರೇನಾ ಎಂದು ಹುಲಿಗೆಮ್ಮನ ಕೈ ಹಿಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಅವಳ ಕಿವಿಯ ಹತ್ತಿರ ಬಾಗಿ, ಹದಿನೇಳು ವರ್ಷದಿಂದ ಈ ಮನುಷ್ಯ ನನ್ನ ಒಂದು ಮಾತಿಗೂ ನಿಂತವನಲ್ಲ, ಆ ಮಾತನ್ನು ನನಗೂ ಸ್ವಲ್ಪ ಕಲಿಸಿಕೊಡಿ ಎಂದು ಕೇಳಿದಳು. ಅದು ಗುಡ್ಡದ ಮಾತು, ಮನೆಯಲ್ಲಿ ಬಳಸುವುದಲ್ಲ ಎಂದು ಹುಲಿಗೆಮ್ಮ ಸಮಾಧಾನ ಹೇಳಿ ಕಳಿಸಿದಳು. ಆದರೆ ಆಮೇಲೆ ಹೊನ್ನೂರಸಾಬ ಕೆಲವು ದಿನ ಬಹಳ ವಿಧೇಯನಾಗಿ ಕಂಡ. ಮೌಲಾಬಿಗೆ ಎಷ್ಟು ಸಿಕ್ಕಿತೋ ನನಗೆ ಗೊತ್ತಿಲ್ಲ.

ಡಂಪರ್ ಓಡಿಸಲು ಹುಲಿಗೆಮ್ಮನಿಗೆ ಕಲಿಸಿದವನೂ ಅವನೇ. ಒಂದೂವರೆ ವರ್ಷ ಹಿಡಿಯಿತು. ಅವಳು ಮೊದಲ ಸಲ ತಾನೊಬ್ಬಳೇ ತುಂಬಿದ ಗಾಡಿಯನ್ನು ಅಂಚಿಗೆ ತಂದಾಗ ನಾನು ಕ್ಯಾಬಿನ್ನಿನ ಮೊಳೆಗೆ ನೇತಾಡುತ್ತಿದ್ದೆ. ಕೆಳಗೆ ನಿಂತು ಬಾ, ಬಾ ಎನ್ನುತ್ತಿದ್ದವರು ಕೊಟ್ರೇಶಪ್ಪ. ನಿವೃತ್ತಿಗೆ ಎರಡು ತಿಂಗಳಿತ್ತು ಅವರಿಗೆ. ಅವರು ನಿಲ್ಲಿಸು ಎಂದ ಕ್ಷಣವೇ ಅವಳು ನಿಲ್ಲಿಸಿದಳು. ಅವರು ಏನನ್ನೋ ಹೇಳಲು ತಮ್ಮ ಸೆಟ್ಟಿನ ಗುಂಡಿ ಒತ್ತಿ, ಸುಮ್ಮನೆ ಉಸಿರಾಡಿ, ಬಿಟ್ಟುಬಿಟ್ಟರು.

ಅದೇ ವರ್ಷ ಹೊಸ ವಾಕಿಟಾಕಿಗಳು ಬಂದವು. ಅವಕ್ಕೆ ಬೆಳಗುವ ಪರದೆ, ಬಣ್ಣದ ದೀಪ. ನಮ್ಮ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಗುಜರಿಗೆ ಹೋದರು. ನನ್ನ ಬ್ಯಾಟರಿ ಊದಿಕೊಂಡಿದ್ದರಿಂದ ಅದನ್ನು ಕಿತ್ತುಹಾಕಿದರು. ನನ್ನನ್ನೂ ಚೀಲಕ್ಕೆ ಹಾಕುವ ಹೊತ್ತಿಗೆ ಹುಲಿಗೆಮ್ಮ ಬಂದು, ಇದು ನನಗೆ ಪಾಠಕ್ಕೆ ಬೇಕು ಎಂದು ಸ್ಟೋರ್‌ಕೀಪರನನ್ನು ಕೇಳಿ ತೆಗೆದುಕೊಂಡು ಹೋದಳು.

ಈಗ ನಾನಿರುವುದು ತರಬೇತಿ ಕೋಣೆಯ ಕಿಟಕಿಯ ಮೇಲೆ. ವಾರಕ್ಕೆರಡು ದಿನ ಹುಲಿಗೆಮ್ಮ ಇಲ್ಲಿ ಹೊಸಬರಿಗೆ ಕಲಿಸುತ್ತಾಳೆ. ಈ ಸಲ ಒಂಬತ್ತು ಹೆಣ್ಣುಮಕ್ಕಳು. ಅವರ ಬೂಟುಗಳು ಅವರವರ ಕಾಲಿನ ಅಳತೆಯವು. ಹುಲಿಗೆಮ್ಮ ನನ್ನನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ಇದರೊಳಗೆ ಜೀವವಿಲ್ಲ, ಇದು ನಿಮ್ಮ ದನಿಯನ್ನು ಎಲ್ಲಿಗೂ ಒಯ್ಯುವುದಿಲ್ಲ, ಆದ್ದರಿಂದ ನಾಚಿಕೆ ಬೇಡ, ನಿಲ್ಲಿಸು ಎಂದು ಹೇಳಿ ನೋಡಿ ಎನ್ನುತ್ತಾಳೆ. ಬೈಗುಳ ಕಲಿಸುವುದಿಲ್ಲ. ಮೊದಲ ಮಾತನ್ನೇ ಐದನೆಯದರಂತೆ ಹೇಳಬೇಕು ಎಂದಷ್ಟೇ ಹೇಳುತ್ತಾಳೆ.

ನಿನ್ನೆ ನಾಗವೇಣಿ ಎಂಬ ಹುಡುಗಿಯ ಸರದಿ. ಬಿ.ಎ. ಓದಿದವಳು, ಸಣ್ಣ ದನಿ. ನನ್ನನ್ನು ಹೂವಿನಂತೆ ಹಿಡಿದು, “ನಿಲ್ಲಿಸಿ” ಎಂದಳು. ನನಗೇ ಕೇಳಿಸಲಿಲ್ಲ. ಹುಲಿಗೆಮ್ಮ ಕೋಣೆಯ ಆ ತುದಿಗೆ ಹೋಗಿ ನಿಂತು, ಕೇಳಿಸಲಿಲ್ಲ ಎಂದಳು. ಇನ್ನೊಮ್ಮೆ. ಕೇಳಿಸಲಿಲ್ಲ. ಉಳಿದವರು ಮುಸಿಮುಸಿ ನಕ್ಕರು. ಹುಡುಗಿಯ ಕಿವಿ ಕೆಂಪಾಯಿತು. ನನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು, ಕಣ್ಣು ಮುಚ್ಚಿದಳು, ಉಸಿರು ಎಳೆದುಕೊಂಡಳು. ನನ್ನ ಜೀವಮಾನದಲ್ಲಿ ಎಷ್ಟೋ ಕೂಗು ಕೇಳಿದ್ದೇನೆ, ಆದರೂ ಬೆಚ್ಚಿದೆ.

ಕಿಟಕಿಯ ಹೊರಗೆ, ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ನೀರಿನ ಟ್ಯಾಂಕರ್ ಗಕ್ಕನೆ ನಿಂತಿತು. ಡ್ರೈವರ್ ಇಳಿದು ಮುಂದೆ ನೋಡಿದ, ಹಿಂದೆ ನೋಡಿದ, ಬಗ್ಗಿ ಗಾಡಿಯ ಅಡಿಯಲ್ಲೂ ನೋಡಿದ. ಏನೂ ಕಾಣದೆ, ಹೆಲ್ಮೆಟ್ಟು ಸರಿಮಾಡಿಕೊಂಡು, ಹೋಗಲೋ ಬೇಡವೋ ಎಂದು ರಸ್ತೆಯಲ್ಲೇ ನಿಂತ. ಕೋಣೆಯಲ್ಲಿ ಒಂಬತ್ತು ಮಂದಿಯೂ ಕಿಟಕಿಗೆ ಮುತ್ತಿಗೆ ಹಾಕಿದರು. ನಾಗವೇಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. “ಇನ್ನ ಹೋಗು ಅಂತ ಹೇಳವಾ ಅವಗ, ಪಾಪ” ಎಂದಳು ಹುಲಿಗೆಮ್ಮ.

ಟ್ಯಾಂಕರ್ ನಿಂತದ್ದರಲ್ಲಿ ನನ್ನ ಪಾತ್ರ ಏನೂ ಇರಲಿಲ್ಲ.